ದೊಡ್ಡ ಕೆಟಲ್ ಇರುವಾಗ ಸ್ಮೋಕರ್ ಬೇರೆ ಬೇಕೆ?

ಅಮೆರಿಕದಲ್ಲಿ ಹಿತ್ತಲಿರುವ ಮನೆಗೆ ಬಂದ ಮಾಂಸಾಹಾರಿ ಕನ್ನಡಿಗರು ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಇದ್ದಿಲಿನ ಗ್ರಿಲ್ ಒಂದನ್ನು ಕೊಂಡಿರುತ್ತಾರೆ. ಅದರಲ್ಲಿ ಕೋಳಿಯ ತೊಡೆಯನ್ನೂ ಕಬಾಬನ್ನೂ ಸುಟ್ಟು ಕೈ ಪಳಗಿದ ಮೇಲೆ, ಹೊಗೆಯಲ್ಲಿ ನಿಧಾನವಾಗಿ ಬೇಯಿಸಿದ ಹಂದಿಯ ಭುಜದ ಕಡೆಗೋ ಆಡಿನ ಮುಂಗಾಲಿನ ಕಡೆಗೋ ಮನಸ್ಸು ಹೊರಳುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಗುಂಡಗಿನ ಬೋಗುಣಿಗೆ ಗುಮ್ಮಟದಂಥ ಮುಚ್ಚಳವಿರುವ ಇದ್ದಿಲಿನ ಒಲೆಯಾದ ಕೆಟಲ್ ಗ್ರಿಲ್ಲಿನ ದೊಡ್ಡ ಅಳತೆಯೊಂದನ್ನು ತಂದು ಅದರಲ್ಲೇ ಹೊಗೆಯಡುಗೆ ಮಾಡಬಹುದೇ, ಇಲ್ಲ ಅದಕ್ಕೆಂದೇ ಕಟ್ಟಿದ ಸ್ಮೋಕರ್ ಕೊಳ್ಳಬೇಕೇ? ಶಿಕಾಗೊದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ 26 ಇಂಚು ಅಡ್ಡಳತೆಯ ಕೆಟಲ್ ಇದೆ, 18 ಇಂಚು ಅಡ್ಡಳತೆಯ ಸಿಲಿಂಡರಿನಾಕಾರದ ಸ್ಮೋಕರೂ ಇದೆ. ಎರಡನ್ನೂ ಬಳಸುವವನಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಇದ್ದಿಲು, ಒಂದೇ ಮರದ ತುಂಡು, ಒಂದೇ ಮಸಾಲೆ ಬಳಸಿ ಇವೆರಡರಲ್ಲಿ ಬೇಯಿಸಿದ ಮಾಂಸವನ್ನು ನನ್ನ ಕಣ್ಣು ಕಟ್ಟಿ ತಿನ್ನಿಸಿದರೆ ಯಾವುದು ಯಾವ ಒಲೆಯದೆಂದು ನಾನು ಹೇಳಲಾರೆ. ಸ್ಮೋಕರಿಗೆ ಹಣ ಕೊಡುವವರು ಜಾಗಕ್ಕಾಗಿ ಮತ್ತು ನಿದ್ದೆಗಾಗಿ ಕೊಡಬೇಕು. ರುಚಿಗಾಗಿ ಕೊಡುವ ಅಗತ್ಯವಿಲ್ಲ.

ಈ ಅಡುಗೆಯಲ್ಲಿ ಮಾಂಸವನ್ನು ಕೆಂಡದ ನೇರ ಕಾವಿಗೆ ಒಡ್ಡುವುದಿಲ್ಲ. ಮುಚ್ಚಿದ ಪಾತ್ರೆಯೊಳಗೆ 107ರಿಂದ 135 ಡಿಗ್ರಿ ಸೆಲ್ಸಿಯಸ್‌ನ ಬಿಸಿಗಾಳಿಯಲ್ಲಿ, ತೆಳುವಾದ ಹೊಗೆಯ ನಡುವೆ, ಅದನ್ನು ಗಂಟೆಗಟ್ಟಲೆ ಇಡಲಾಗುತ್ತದೆ. ಅಮೆರಿಕದ ಲೆಕ್ಕದಲ್ಲಿ ಇದು 225ರಿಂದ 275 ಡಿಗ್ರಿ ಫ್ಯಾರನ್‌ಹೀಟ್. ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ತೂಗುಹಾಕಿ ಹೊಗೆಗೊಡ್ಡಿದ ಹಂದಿಮಾಂಸವನ್ನು ತಿಂದು ಬೆಳೆದವರು ಇದನ್ನೂ ಅದರ ಜಾತಿಯದೇ ಎಂದುಕೊಳ್ಳುವುದುಂಟು, ಆದರೆ ಅಲ್ಲಿ ಮಾಂಸ ಒಣಗಿ ಮಳೆಗಾಲದವರೆಗೆ ಉಳಿಯಬೇಕು, ಇಲ್ಲಿ ಅದು ಬೆಂದು ಅಂದೇ ತಟ್ಟೆಗೆ ಬರಬೇಕು. ಪ್ರಾಣಿಯ ಭುಜ ಮತ್ತು ಎದೆಯ ಭಾಗದ ಸ್ನಾಯುಗಳು ದಿನವಿಡೀ ದುಡಿಯುವುದರಿಂದ ಅವುಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರಿನಂಶ ಹೆಚ್ಚು. ಅದು ಕರಗಿ ಜೆಲಟಿನ್ ಆಗಲು ತಾಪವೂ ಬೇಕು, ಕಾಲಾವಕಾಶವೂ ಬೇಕು. ಆದ್ದರಿಂದಲೇ 70 ಡಿಗ್ರಿಯಲ್ಲಿ ತಿನ್ನಲು ಸುರಕ್ಷಿತವಾಗಿರುವ ಹಂದಿಯ ಭುಜವನ್ನು ಒಳಗಿನ ತಾಪ 95 ಡಿಗ್ರಿಯ ಹತ್ತಿರ ಬರುವವರೆಗೆ ಇಳಿಸುವುದಿಲ್ಲ, ಅಲ್ಲಿಗೆ ಬಂದಾಗ ಮೂಳೆ ತಾನಾಗಿಯೇ ಕಳಚಿಕೊಳ್ಳುತ್ತದೆ. ಹೀಗೆ ಹತ್ತು ಹನ್ನೆರಡು ಗಂಟೆ ಒಂದೇ ಕಾವನ್ನು ಕಾಯ್ದುಕೊಳ್ಳುವುದೇ ಈ ಅಡುಗೆಯ ಕಷ್ಟ, ಮತ್ತು ಕೆಟಲ್ಲಿಗೂ ಸ್ಮೋಕರಿಗೂ ಇರುವ ಅಂತರವೆಲ್ಲ ಈ ಒಂದು ಕಷ್ಟವನ್ನು ಅವು ಹೇಗೆ ನಿಭಾಯಿಸುತ್ತವೆ ಎಂಬುದರಲ್ಲಿದೆ.

ಕೆಟಲ್ ಹುಟ್ಟಿದ್ದು ಹೊಗೆಯಡುಗೆಗಾಗಿ ಅಲ್ಲ. ಶಿಕಾಗೊದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಎಂಬ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಸ್ಟೀಫನ್, ತೆರೆದ ಗ್ರಿಲ್ಲಿನ ಮೇಲೆ ಗಾಳಿ ಬೀಸಿ ಬೂದಿ ಹಾರುವುದನ್ನೂ ಕೊಬ್ಬು ತೊಟ್ಟಿಕ್ಕಿ ಉರಿ ಏಳುವುದನ್ನೂ ತಾಳಲಾರದೆ, ಅಲ್ಲಿ ತಯಾರಾಗುತ್ತಿದ್ದ, ನೀರಿನಲ್ಲಿ ತೇಲಿಬಿಡುವ ಲೋಹದ ಗೋಳವೊಂದನ್ನು 1952ರಲ್ಲಿ ಅಡ್ಡಲಾಗಿ ಕತ್ತರಿಸಿ ಕೆಳಗಿನರ್ಧವನ್ನು ಒಲೆಯನ್ನಾಗಿ, ಮೇಲಿನರ್ಧವನ್ನು ಮುಚ್ಚಳವನ್ನಾಗಿ ಮಾಡಿದರು. ನೋಡಿದವರು ಅದಕ್ಕೆ ಸ್ಪುಟ್ನಿಕ್ ಎಂದು ಅಡ್ಡಹೆಸರಿಟ್ಟದ್ದೂ ಉಂಟು. ಮಳೆ ಗಾಳಿಗೆ ಅಡ್ಡವಾಗಲೆಂದು ಮಾಡಿದ ಆ ಮುಚ್ಚಳ ಇನ್ನೊಂದು ಕೆಲಸವನ್ನೂ ಮಾಡಿತು. ತಳದ ಮತ್ತು ಮೇಲಿನ ಗಾಳಿಕಿಂಡಿಗಳನ್ನು ತಿರುಗಿಸಿ ಒಳಗೆ ಹೋಗುವ ಗಾಳಿಯನ್ನು ಅಳೆದು ಬಿಡಲು ಸಾಧ್ಯವಾದಾಗ, ಇದ್ದಿಲು ಎಷ್ಟು ಬೇಗ ಉರಿಯಬೇಕೆಂಬುದು ಅಡುಗೆ ಮಾಡುವವನ ಕೈಗೆ ಬಂತು, ಕಿಂಡಿಗಳನ್ನೆಲ್ಲ ಮುಚ್ಚಿದರೆ ಬೆಂಕಿ ಆರಿ ಉಳಿದ ಇದ್ದಿಲು ಮುಂದಿನ ವಾರಕ್ಕೆ ಸಿಗುವಂತಾಯಿತು. ಅದೇ ಕಂಪನಿ 1981ರಲ್ಲಿ ಸ್ಮೋಕಿ ಮೌಂಟನ್ ಎಂಬ ಸ್ಮೋಕರನ್ನು ಹೊರತಂದಾಗ ಮಾಡಿದ್ದು ಇಷ್ಟೇ: ಆ ಗೋಳದ ಎರಡು ಅರ್ಧಗಳ ನಡುವೆ ಎತ್ತರದ ಸಿಲಿಂಡರೊಂದನ್ನು ಸೇರಿಸಿ, ಬೆಂಕಿಯನ್ನು ತಳದಲ್ಲಿಟ್ಟು, ಮಾಂಸವನ್ನು ಮೇಲಕ್ಕೇರಿಸಿ, ನಡುವೆ ನೀರು ತುಂಬಿದ ಬಾಣಲೆಯೊಂದನ್ನು ಅಡ್ಡವಿಟ್ಟಿತು. ಉಕ್ಕು ಅದೇ, ಪಿಂಗಾಣಿಯ ಲೇಪ ಅದೇ, ಗಾಳಿಕಿಂಡಿಯ ತತ್ವವೂ ಅದೇ. ಬೆಂಕಿಯ ಜಾಗ ಮಾತ್ರ ಬದಲಾಯಿತು.

ಆ ಬದಲಾವಣೆಯ ಬೆಲೆ ಎಷ್ಟೆಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು. 22 ಇಂಚಿನ ಸಾಮಾನ್ಯ ಕೆಟಲ್ಲಿನ ಜಾಲರಿ 363 ಚದರ ಇಂಚು, 26 ಇಂಚಿನದು 508 ಚದರ ಇಂಚು. 18 ಇಂಚಿನ ಸ್ಮೋಕಿ ಮೌಂಟನ್‌ನಲ್ಲಿ ಒಂದರ ಮೇಲೊಂದಿರುವ ಎರಡು ಜಾಲರಿಗಳನ್ನು ಸೇರಿಸಿದರೆ 481 ಚದರ ಇಂಚು. ಅಂಗಡಿಯ ಪಟ್ಟಿಯಲ್ಲಿ ಈ ಅಂಕಿಗಳನ್ನು ಅಕ್ಕಪಕ್ಕ ನೋಡಿದವರು ದೊಡ್ಡ ಕೆಟಲ್ಲಿನಲ್ಲೇ ಹೆಚ್ಚು ಜಾಗವಿದೆ, ಮತ್ತೆ ಸ್ಮೋಕರಿನ ಗೊಡವೆ ಏಕೆ ಎಂದುಕೊಳ್ಳುತ್ತಾರೆ. ಸುಡುವುದಕ್ಕಾದರೆ ಆ ಲೆಕ್ಕ ಸರಿ. ಹೊಗೆಯಡುಗೆಗೆ ಬಂದಾಗ ಕೆಟಲ್ಲಿನಲ್ಲಿ ಬೆಂಕಿಯೂ ಮಾಂಸವೂ ಒಂದೇ ಬೋಗುಣಿಯ ನೆಲವನ್ನು ಹಂಚಿಕೊಳ್ಳಬೇಕು. ಕೆಂಡದ ನೆತ್ತಿಯ ಮೇಲಿನ ಜಾಲರಿಯಲ್ಲಿ ಏನನ್ನೂ ಇಡುವಂತಿಲ್ಲ, ಅದರ ಅಂಚಿಗೆ ತಾಗಿಕೊಂಡು ನಾಲ್ಕು ಬೆರಳಿನಷ್ಟು ಜಾಗವನ್ನು ಕೂಡ ಬಿಡಬೇಕಾಗುತ್ತದೆ, ಇಲ್ಲವಾದರೆ ಮಾಂಸದ ಒಂದು ಬದಿ ಕರಿಕಲಾಗಿ ಇನ್ನೊಂದು ಬದಿ ಬೇಯದೆ ಉಳಿಯುತ್ತದೆ. ಸ್ಮೋಕರಿನಲ್ಲಾದರೋ ಎರಡೂ ಜಾಲರಿಗಳ ಅಂಚಿನವರೆಗೆ ಮಾಂಸ ಹರಡಬಹುದು.

ಆದರೆ ಈ ಲೆಕ್ಕದಲ್ಲೇ ದೊಡ್ಡ ಕೆಟಲ್ಲಿನ ಪರವಾದ ಮಾತೂ ಅಡಗಿದೆ. 110 ಡಿಗ್ರಿಯ ಕಾವಿಗೆ ಬೇಕಾಗುವ ಬೆಂಕಿ ಬಹಳ ಚಿಕ್ಕದು, ಬೋಗುಣಿ ಅಗಲವಾಯಿತೆಂದು ಕೆಂಡದ ಪಟ್ಟಿಯ ಅಗಲವನ್ನು ಹಿಗ್ಗಿಸಬೇಕಾಗಿಲ್ಲ. ಹಾಗಾಗಿ 22ರಿಂದ 26 ಇಂಚಿಗೆ ಹೋದಾಗ ಹೆಚ್ಚಿಗೆ ಸಿಗುವ 145 ಚದರ ಇಂಚು ಬಹುಪಾಲು ಮಾಂಸದ ಪಾಲಿಗೇ ಬರುತ್ತದೆ. ಚಿಕ್ಕ ಕೆಟಲ್ಲಿನಲ್ಲಿ ಒಂದು ಭುಜವನ್ನಿಟ್ಟರೆ ಎರಡನೆಯದಕ್ಕೆ ತಿಣುಕಬೇಕು, ದೊಡ್ಡದರಲ್ಲಿ ಎರಡು ಭುಜಗಳು ನೆಮ್ಮದಿಯಾಗಿ ಕೂರುತ್ತವೆ. ಉದ್ದದ ವಿಷಯದಲ್ಲಂತೂ 18 ಇಂಚಿನ ಸ್ಮೋಕರ್ ಸೋಲುತ್ತದೆ. ಹಂದಿಯ ಪಕ್ಕೆಲುಬಿನ ಇಡೀ ಪಟ್ಟಿ ಅದರ ಜಾಲರಿಯ ಮೇಲೆ ಚಪ್ಪಟೆಯಾಗಿ ಮಲಗುವುದಿಲ್ಲ, ಕತ್ತರಿಸಬೇಕು ಇಲ್ಲವೇ ಸುರುಳಿ ಸುತ್ತಿ ನಿಲ್ಲಿಸಬೇಕು. 26 ಇಂಚಿನ ಕೆಟಲ್ಲಿನಲ್ಲಿ ಆ ಪಟ್ಟಿ ಇದ್ದಂತೆಯೇ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚಿಗೆ ಬೇಕೆನ್ನುವವರಿಗೆ 726 ಚದರ ಇಂಚಿನ 22 ಇಂಚಿನ ಸ್ಮೋಕರ್ ಇದೆ, ಆದರೆ ಅದು ಇದ್ದಿಲನ್ನು ಹೊಟ್ಟೆಬಾಕನಂತೆ ಮುಗಿಸುತ್ತದೆ. ನಾಲ್ಕು ಜನರ ಮನೆಗೆ ಅದನ್ನು ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ಕೆಟಲ್ಲಿನಲ್ಲಿ ಗಂಟೆಗಟ್ಟಲೆ ಉರಿಯುವ ಚಿಕ್ಕ ಬೆಂಕಿಯನ್ನು ಇಡುವ ಬಗೆಗಳು ಹಲವಿವೆ, ಅವುಗಳಲ್ಲಿ ನಾನು ನೆಚ್ಚಿಕೊಂಡಿರುವುದು ಹಾವಿನ ಸಾಲು. ಬ್ರಿಕೆಟ್ ಎಂಬ ಒತ್ತಿದ ಇದ್ದಿಲಿನ ಒಂದೇ ಅಳತೆಯ ಉಂಡೆಗಳನ್ನು ಬೋಗುಣಿಯ ಒಳಗೋಡೆಗೆ ತಾಗಿಸಿ, ಕೆಳಗೆ ಎರಡು ಮೇಲೆ ಎರಡರಂತೆ, ಮುಕ್ಕಾಲು ಸುತ್ತು ಬರುವಷ್ಟು ಉದ್ದಕ್ಕೆ ಜೋಡಿಸಬೇಕು. ಹಿಕರಿಯೋ ಸೇಬಿನ ಮರವೋ ಯಾವುದಾದರೂ ಗಟ್ಟಿಮರದ ಮುಷ್ಟಿಗಾತ್ರದ ನಾಲ್ಕೈದು ತುಂಡುಗಳನ್ನು ಸಾಲಿನ ಮೊದಲರ್ಧದ ಮೇಲೆ ಅಂತರ ಬಿಟ್ಟು ಇಡಬೇಕು. ನಡುವಿನ ಖಾಲಿ ಜಾಗದಲ್ಲಿ ಬಿಸಿನೀರು ತುಂಬಿದ ಅಲ್ಯುಮಿನಿಯಂ ತಟ್ಟೆಯನ್ನಿಟ್ಟು, ಬೇರೆಯಾಗಿ ಹೊತ್ತಿಸಿಕೊಂಡ ಎಂಟು ಹತ್ತು ಕೆಂಡಗಳನ್ನು ಇಕ್ಕಳದಿಂದ ಸಾಲಿನ ಒಂದು ತುದಿಗೆ ಇಟ್ಟರೆ, ಆ ಸಾಲು ಊದಿನಕಡ್ಡಿಯ ಹಾಗೆ ಒಂದು ತುದಿಯಿಂದ ನಿಧಾನವಾಗಿ ಉರಿಯುತ್ತಾ ಹೋಗುತ್ತದೆ. ಮೇಲಿನ ಕಿಂಡಿಯನ್ನು ಅರ್ಧಕ್ಕಿಂತ ಹೆಚ್ಚು ತೆರೆದು, ತಳದ ಕಿಂಡಿಯನ್ನು ಬೆರಳಿನ ದಪ್ಪಕ್ಕೆ ಇಳಿಸಿ, ಮುಚ್ಚಳದ ಕಿಂಡಿ ಬೆಂಕಿಗೆ ಎದುರಾದ ದಿಕ್ಕಿನಲ್ಲಿ ಮಾಂಸದ ನೆತ್ತಿಯ ಮೇಲೆ ಬರುವಂತೆ ತಿರುಗಿಸಿದರೆ ಹೊಗೆ ಮಾಂಸವನ್ನು ದಾಟಿಕೊಂಡೇ ಹೊರಹೋಗಬೇಕಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಕೆಟಲ್ ಆಗಾಗ ಗಮನ ಬೇಡುತ್ತದೆ. ಕೆಂಡ ಸಾಲಿನಲ್ಲಿ ಮುಂದೆ ಸಾಗುತ್ತಿದ್ದಂತೆ ಕಾವಿನ ದಿಕ್ಕು ಬದಲಾಗುತ್ತದೆ, ಎರಡು ಗಂಟೆಗೊಮ್ಮೆ ಮಾಂಸವನ್ನೋ ಮುಚ್ಚಳವನ್ನೋ ತಿರುಗಿಸಬೇಕಾಗುತ್ತದೆ, ತಟ್ಟೆಯ ನೀರು ಆರುತ್ತದೆ, ಒಂದೆಡೆ ಬೂದಿ ಕುಸಿದು ಸಾಲು ಕಡಿದರೆ ಬೆಂಕಿ ಅಲ್ಲಿಗೇ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಮುಚ್ಚಳ ಎತ್ತುವುದರಿಂದ. ಅಗಲವಾದ ಬೋಗುಣಿಯ ಬಾಯಿ ತೆರೆದ ಕೂಡಲೇ ಇಡೀ ಸಾಲಿಗೆ ಗಾಳಿ ಸಿಕ್ಕಿ ಹೊತ್ತಿಕೊಳ್ಳಬಾರದ ಇದ್ದಿಲೂ ಹೊತ್ತಿಕೊಳ್ಳುತ್ತದೆ, ಮುಚ್ಚಿದ ಮೇಲೆ ಕಾವು 150 ಡಿಗ್ರಿಗೆ ಏರಿ ಇಳಿಯಲು ಅರ್ಧ ಗಂಟೆ ಹಿಡಿಯುತ್ತದೆ. ಆರೇಳು ಗಂಟೆಯ ಪಕ್ಕೆಲುಬಿನ ಅಡುಗೆಗೆ ಇದು ಹೊರೆಯೇನಲ್ಲ, ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಕುಳಿತಿರುವವನಿಗೆ ಬೇರೇನು ಕೆಲಸ! ಹದಿನಾಲ್ಕು ಗಂಟೆಯ ಭುಜಕ್ಕೆ, ಅದೂ ರಾತ್ರಿ ಹತ್ತಕ್ಕೆ ಹಚ್ಚಿ ಮರುದಿನ ಮಧ್ಯಾಹ್ನದ ಊಟಕ್ಕೆ ಇಳಿಸಬೇಕಾದಾಗ, ಇದೇ ಚಾಕರಿ ಹೊರೆಯಾಗುತ್ತದೆ.

ಸ್ಮೋಕರ್ ತನ್ನ ಬೆಲೆಯನ್ನು ತೀರಿಸುವುದು ಆ ರಾತ್ರಿಯಲ್ಲಿ. ಅದರ ತಳದ ಬಳೆಯಾಕಾರದ ಗೂಡಿನ ತುಂಬ ಹೊತ್ತಿಸದ ಇದ್ದಿಲನ್ನು ಸುರಿದು, ಮೇಲೆ ಒಂದಷ್ಟು ನಿಗಿನಿಗಿ ಕೆಂಡವನ್ನು ಹರಡಿ, ಬೆಂಕಿ ಮೇಲಿನಿಂದ ಕೆಳಕ್ಕೆ ತಾನಾಗಿ ಇಳಿಯುವಂತೆ ಬಿಡುವ ಕ್ರಮ, ಅದನ್ನು ಪ್ರಚಾರಕ್ಕೆ ತಂದ ಬಾರ್ಬೆಕ್ಯೂ ಸ್ಪರ್ಧಾಳು ಜಿಮ್ ಮಿನಿಯನ್ ಅವರ ಹೆಸರಿನಲ್ಲೇ ಇಲ್ಲಿ ಬಳಕೆಯಲ್ಲಿದೆ. ನಡುವಿನ ಬಾಣಲೆಯ ನೀರು ಎಷ್ಟೇ ಕಾದರೂ 100 ಡಿಗ್ರಿಯನ್ನು ದಾಟುವುದಿಲ್ಲ. ಬೆಂಕಿ ಸ್ವಲ್ಪ ಹೆಚ್ಚಾದರೆ ಆ ಹೆಚ್ಚಿನ ಶಾಖ ನೀರನ್ನು ಆವಿಯಾಗಿಸುವುದರಲ್ಲಿ ಕಳೆದುಹೋಗುತ್ತದೆ, ಮಾಂಸಕ್ಕೆ ಕೆಂಡದ ನೇರ ಝಳವೂ ತಗಲುವುದಿಲ್ಲ. ಮಾಂಸದ ಸುತ್ತ ಕಾವು ಎಲ್ಲ ಕಡೆಯಿಂದ ಸಮನಾಗಿ ಏರುವುದರಿಂದ ತಿರುಗಿಸುವ ಗೋಜಿಲ್ಲ. ಒಳ್ಳೆಯ ಹವೆಯಲ್ಲಿ ಕಿಂಡಿಗಳನ್ನು ಒಮ್ಮೆ ಹದಕ್ಕೆ ತಂದರೆ ಹನ್ನೆರಡು ಗಂಟೆ ಅದರ ಪಾಡಿಗೆ ಅದು ಉರಿಯುತ್ತದೆ, ನಾನು ಗ್ರಿಲ್ಲಿನ ತಾಪಮಾಪಕದ ಎಚ್ಚರಿಕೆಯ ಗಂಟೆಯನ್ನು ದಿಂಬಿನ ಪಕ್ಕದಲ್ಲಿಟ್ಟು ಮಲಗುತ್ತೇನೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮರುದಿನ ಆ ಬಾಣಲೆಯಲ್ಲಿ ನೆಣ ಹೆಪ್ಪುಗಟ್ಟಿದ ಕಂದು ನೀರು ಉಳಿದಿರುತ್ತದೆ, ಅದನ್ನು ಮೋರಿಗೆ ಸುರಿಯುವಂತಿಲ್ಲ, ಗಿಡದ ಬುಡಕ್ಕೂ ಸುರಿಯುವಂತಿಲ್ಲ. ಕೆಲವರು ಇದಕ್ಕೆ ಬೇಸತ್ತು ನೀರಿನ ಬದಲು ಬಾಣಲೆಯಲ್ಲಿ ಮಣ್ಣಿನ ಕುಂಡದ ಅಡಿತಟ್ಟೆಯನ್ನಿಟ್ಟು ಫಾಯಿಲ್ ಹೊದಿಸುತ್ತಾರೆ. ನಾನೂ ಈಗ ಅದನ್ನೇ ಮಾಡುತ್ತೇನೆ.

ರಾತ್ರಿಯ ಅಡುಗೆಯಲ್ಲಿ ಹೊಸಬರ ಎದೆಗುಂದಿಸುವ ಘಟ್ಟವೊಂದಿದೆ, ಅದು ಯಾವ ಒಲೆಯಲ್ಲೂ ತಪ್ಪುವುದಿಲ್ಲ. ಮಾಂಸದ ಒಳತಾಪ ಸರಸರನೆ ಏರುತ್ತಾ ಬಂದು 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ನಿಂತುಬಿಡುತ್ತದೆ, ಕೆಲವೊಮ್ಮೆ ನಾಲ್ಕೈದು ಗಂಟೆ ಅಲುಗಾಡುವುದಿಲ್ಲ. ಕೊಬ್ಬು ಕರಗುತ್ತಿರುವುದರಿಂದ ಹೀಗಾಗುತ್ತದೆ ಎಂದು ಬಹಳ ಕಾಲ ಹೇಳುತ್ತಿದ್ದರು. ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಮಾಂಸದ ಜೊತೆಯಲ್ಲಿ ಒದ್ದೆ ಸ್ಪಂಜೊಂದನ್ನೂ ಬರಿಯ ಕೊಬ್ಬಿನ ಗಡ್ಡೆಯೊಂದನ್ನೂ ಇಟ್ಟು ನೋಡಿದಾಗ, ಕೊಬ್ಬಿನ ತಾಪ ನಿಲ್ಲದೆ ಏರಿತು, ಸ್ಪಂಜಿನ ತಾಪ ಮಾಂಸದಂತೆಯೇ ನಿಂತಿತು. ಮೇಲ್ಮೈಯ ತೇವ ಆವಿಯಾಗುತ್ತಾ ಮಾಂಸವನ್ನು ತಂಪಾಗಿಸುತ್ತದೆ, ಬೆವರಿದ ಮೈಗೆ ಗಾಳಿ ಸೋಕಿದಾಗ ಆಗುವುದೂ ಇದೇ ಕ್ರಿಯೆ. ಮಾಂಸವನ್ನು ಫಾಯಿಲ್ಲಿನಲ್ಲೋ ಮಾಂಸದಂಗಡಿಯವರು ಬಳಸುವ ದಪ್ಪ ಕಾಗದದಲ್ಲೋ ಸುತ್ತಿದರೆ ಆವಿ ಹೋಗುವ ದಾರಿ ಕಟ್ಟಿ ತಾಪ ಮತ್ತೆ ಏರತೊಡಗುತ್ತದೆ. ಕೆಟಲ್ಲಿನಲ್ಲಿ ಅಡುಗೆ ಮಾಡುವವರಿಗೆ ಈ ತಿಳಿವಳಿಕೆ ಬಹಳ ಉಪಯುಕ್ತ, ಏಕೆಂದರೆ ಆರು ಗಂಟೆಯ ಹೊಗೆಯ ನಂತರ ಮಾಂಸವನ್ನು ಸುತ್ತಿ, ಬೇಕಾದರೆ ಮನೆಯೊಳಗಿನ ಓವನ್ನಿಗೇ ವರ್ಗಾಯಿಸಬಹುದು. ಸುತ್ತಿದ ಮಾಂಸಕ್ಕೆ ಹೊಗೆ ತಾಗುವುದೇ ಇಲ್ಲವಾದ್ದರಿಂದ ಆ ಶಾಖ ಎಲ್ಲಿಂದ ಬಂದರೇನು? ಇದನ್ನು ಕೇಳಿ ಮೂಗು ಮುರಿಯುವ ಶುದ್ಧಾಚಾರಿಗಳಿದ್ದಾರೆ. ಅವರ ಮನೆಯಲ್ಲಿ ಅತಿಥಿಗಳು ಊಟಕ್ಕೆ ಸಂಜೆ ಐದರವರೆಗೆ ಕಾಯುತ್ತಾರೆ.

ಇನ್ನು ರುಚಿಯ ಮಾತು. ಇದ್ದಿಲು ಆಗಲೇ ಸುಟ್ಟ ಮರವಾದ್ದರಿಂದ ಅದರಲ್ಲಿ ಹೊಗೆಯ ಪರಿಮಳ ಕಡಿಮೆ. ಪರಿಮಳ ಬರುವುದು ಅದರ ಮೇಲಿಟ್ಟ ಹಸಿಯಾರಿದ ಮರದ ತುಂಡುಗಳಿಂದ, ಅದರಲ್ಲೂ ಮರದ ಲಿಗ್ನಿನ್ ಎಂಬ ಅಂಶ ಒಡೆದಾಗ ಹುಟ್ಟುವ ಗ್ವಯಕಾಲ್, ಸಿರಿಂಗಾಲ್ ಮುಂತಾದ ರಾಸಾಯನಿಕಗಳಿಂದ. ಮರಕ್ಕೆ ಸಾಕಷ್ಟು ಗಾಳಿ ಸಿಕ್ಕರೆ ಹೊಗೆ ತೆಳ್ಳಗೆ ನೀಲಿಯಾಗಿ ಕಣ್ಣಿಗೆ ಕಾಣಿಸದಷ್ಟಾಗಿ ಹೊರಬರುತ್ತದೆ. ಗಾಳಿ ಸಿಗದೆ ಉಸಿರುಗಟ್ಟಿದರೆ ದಟ್ಟ ಬಿಳಿಹೊಗೆ ಎದ್ದು ಮಾಂಸಕ್ಕೆ ಕಹಿ ಹತ್ತುತ್ತದೆ, ಮರದ ತುಂಡುಗಳನ್ನು ನೀರಿನಲ್ಲಿ ನೆನೆಸಿಟ್ಟರೂ ಇದೇ ಗತಿ. ಈ ವಿಷಯದಲ್ಲಿ ಕೆಟಲ್ಲಿಗೂ ನೀರುಬಾಣಲೆಯ ಸ್ಮೋಕರಿಗೂ ವ್ಯತ್ಯಾಸವಿಲ್ಲ, ಎರಡೂ ಇದ್ದಿಲನ್ನು ಕಡಿಮೆ ಗಾಳಿಯಲ್ಲಿ ಉರಿಸುವ ಒಲೆಗಳೇ. ಮಾಂಸದ ಹೊರಪದರದ ಕೆಳಗೆ ಕಾಣುವ ನಸುಗೆಂಪು ಪಟ್ಟಿಯೂ ಎರಡರಲ್ಲಿ ಬರುತ್ತದೆ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಮಾಂಸದ ಮಯೋಗ್ಲೋಬಿನ್ ಜೊತೆ ಕೂಡಿದಾಗ ಮೂಡುವ ಆ ಬಣ್ಣಕ್ಕೆ ರುಚಿಯೇನೂ ಇಲ್ಲ. ನಮ್ಮವರ ಮುಂದೆ ಅದನ್ನು ಬಡಿಸುವಾಗ ಮಾತ್ರ ಸ್ವಲ್ಪ ವಿವರಣೆ ಬೇಕಾಗುತ್ತದೆ. “ಇದಿನ್ನೂ ಬೆಂದೇ ಇಲ್ವಲ್ಲ ಅಳಿಯಂದ್ರೇ, ಕೆಂಪಗೇ ಇದೆ” ಎಂದು ನಮ್ಮ ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದರು. ತಾಪಮಾಪಕದ ಕಡ್ಡಿಯನ್ನು ಚುಚ್ಚಿ ತೋರಿಸಿದ ಮೇಲೆ ತಿಂದರು, ಪೂರ್ತಿ ನಂಬಿದರೆಂದು ಹೇಳಲಾರೆ.

ರುಚಿಯಲ್ಲಿ ನಿಜವಾದ ಅಂತರ ಬೇಕಾದವರು ಇದ್ದಿಲನ್ನೇ ಬಿಟ್ಟು ಕಟ್ಟಿಗೆಗೆ ಹೋಗಬೇಕು. ಟೆಕ್ಸಸ್ ರಾಜ್ಯದ ಲಾಕ್‌ಹಾರ್ಟ್ ಎಂಬ ಸಣ್ಣ ಊರು ಇದಕ್ಕೆ ತೌರುಮನೆ, ಅಲ್ಲಿನ ಶಾಸನಸಭೆ 1999ರಲ್ಲಿ ಅದನ್ನು ರಾಜ್ಯದ ಬಾರ್ಬೆಕ್ಯೂ ರಾಜಧಾನಿ ಎಂದು ಗೊತ್ತುವಳಿಯಲ್ಲಿ ಕರೆಯಿತು. ಜರ್ಮನಿಯಿಂದ ವಲಸೆ ಬಂದವರ ಮಾಂಸದಂಗಡಿಗಳಿಂದ ಬೆಳೆದ ಆ ಪರಂಪರೆಯಲ್ಲಿ 1900ರಲ್ಲಿ ಆರಂಭವಾದ ಕ್ರಾಯ್ಟ್ಸ್ ಮಾರ್ಕೆಟ್ ಇಂದಿಗೂ ನಡೆಯುತ್ತಿದೆ. ಪೋಸ್ಟ್ ಓಕ್ ಮರದ ಸೀಳುಗಳು ಇಟ್ಟಿಗೆಯ ಉದ್ದನೆಯ ಒಲೆಯ ಒಂದು ತುದಿಯಲ್ಲಿ ಧಗಧಗನೆ ಉರಿಯುತ್ತವೆ, ಬಿಸಿಗಾಳಿ ಮಾಂಸದ ಮೇಲೆ ಹಾದು ಇನ್ನೊಂದು ತುದಿಯ ಚಿಮಣಿಯಿಂದ ಹೊರಡುತ್ತದೆ. ಇದೇ ತತ್ವದ ಮೇಲೆ ಹಳೆಯ ಪ್ರೋಪೇನ್ ಟ್ಯಾಂಕಿನಿಂದಲೋ ಎಣ್ಣೆಬಾವಿಯ ದಪ್ಪ ಕೊಳವೆಯಿಂದಲೋ ಮಾಡಿದ, ಪಕ್ಕದಲ್ಲಿ ಬೆಂಕಿಗೂಡಿರುವ ಸ್ಮೋಕರುಗಳನ್ನು ಆಫ್‌ಸೆಟ್ ಎನ್ನುತ್ತಾರೆ. ಅಲ್ಲಿ ಗಾಳಿಯ ಹರಿವು ಹೆಚ್ಚು, ಮರ ಹೊಗೆಯಾಡದೆ ಜ್ವಾಲೆಯಾಗಿ ಉರಿಯುತ್ತದೆ, ಮಾಂಸದ ಹೊರಪದರ ಗರಿಗರಿಯಾಗಿ ಕಪ್ಪಾಗುತ್ತದೆ, ಒಳಗಿನ ಹೊಗೆಯ ರುಚಿ ಹೆಚ್ಚು ಹಿತವಾಗಿರುತ್ತದೆ. ಕೆಟಲ್ ಅದನ್ನು ಸರಿಗಟ್ಟಲಾರದು, 18 ಇಂಚಿನ ಸ್ಮೋಕರೂ ಸರಿಗಟ್ಟಲಾರದು. ಆದರೆ ಮುಕ್ಕಾಲು ಗಂಟೆಗೊಮ್ಮೆ ಸೌದೆ ಒಡ್ಡುತ್ತಾ ಅದರ ಮುಂದೆಯೇ ಕುಳಿತಿರಬೇಕು, ತೆಳುತಗಡಿನ ಅಗ್ಗದ ಆಫ್‌ಸೆಟ್ಟುಗಳಂತೂ ಸೋರುವ ಕಾವನ್ನು ಹಿಡಿಯಲಾಗದೆ ಕೊಂಡವನನ್ನು ಹೈರಾಣಾಗಿಸುತ್ತವೆ. ಅಂಥದನ್ನು ತರುವುದಕ್ಕಿಂತ ಒಳ್ಳೆಯ ಕೆಟಲ್ ಎಷ್ಟೋ ಮೇಲು.

ಇಲಿನಾಯ್‌ನ ಚಳಿಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಕೆಟಲ್ ಮತ್ತು ಸ್ಮೋಕರ್ ಎರಡೂ ಒಂದೇ ಪದರದ ಉಕ್ಕಿನವು, ಹಿಮ ಬಿದ್ದ ಜನವರಿಯಲ್ಲಿ ಎರಡೂ ಶಾಖವನ್ನು ಹೊರಗೆ ಚೆಲ್ಲುತ್ತವೆ. ಚಳಿಗಿಂತ ಗಾಳಿಯ ಕಾಟವೇ ಹೆಚ್ಚು, ತಳದ ಕಿಂಡಿಗೆ ನೇರವಾಗಿ ಬೀಸಿದರೆ ಬೆಂಕಿ ಹುಚ್ಚೇಳುತ್ತದೆ, ಮೈಗೆ ಬೀಸಿದರೆ ಕಾವು ಇಳಿಯುತ್ತದೆ. ಎತ್ತರವಾಗಿರುವ ಸ್ಮೋಕರಿನ ಮೈ ಹೆಚ್ಚು, ಅದರ ಪಕ್ಕದ ತೆಳುಬಾಗಿಲು ಹೊಸದರಲ್ಲಿ ಬಿಗಿಯಾಗಿ ಕೂರುವುದೂ ಇಲ್ಲ, ಮಸಿ ಜಿಡ್ಡು ಕಟ್ಟಿ ಸಂದು ಮುಚ್ಚಿಕೊಳ್ಳಲು ಕೆಲವು ಅಡುಗೆಗಳಾಗಬೇಕು. ಆದ್ದರಿಂದ ಚಳಿಗಾಲದಲ್ಲಿ ನಾನು ಕೆಟಲ್ಲನ್ನೇ ಬೇಲಿಯ ಮರೆಗೆ ಎಳೆದುಕೊಂಡು ಚಿಕ್ಕ ಅಡುಗೆ ಮಾಡುತ್ತೇನೆ. ಚಳಿಯೆಂದು ಗ್ಯಾರೇಜಿನೊಳಗೆ ಇದ್ದಿಲು ಹಚ್ಚುವುದು ಮಾತ್ರ ಪ್ರಾಣಾಪಾಯ, ಬಾಗಿಲು ತೆರೆದಿದ್ದರೂ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ನುಗ್ಗುತ್ತದೆ. ಅಪಾರ್ಟ್‌ಮೆಂಟಿನ ಮರದ ಬಾಲ್ಕನಿಗಳಲ್ಲಿ ಇದ್ದಿಲಿನ ಒಲೆಗೆ ಬಹಳಷ್ಟು ಊರುಗಳ ಅಗ್ನಿಸುರಕ್ಷತಾ ನಿಯಮಗಳು ಅನುಮತಿ ಕೊಡುವುದಿಲ್ಲ, ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಸ್ಮೋಕರ್ ಮಾಡಲಾಗದ ಕೆಲಸಗಳನ್ನು ನೋಡಿದರೆ ಕೆಟಲ್ಲಿನ ತೂಕ ಇನ್ನಷ್ಟು ಹೆಚ್ಚುತ್ತದೆ. 110 ಡಿಗ್ರಿಯಲ್ಲಿ ಬೇಯಿಸಿದ ಕೋಳಿಯ ಚರ್ಮ ಜಗಿದರೂ ಹರಿಯದ ರಬ್ಬರಾಗುತ್ತದೆ. ಕೋಳಿಗೆ 170 ಡಿಗ್ರಿಯಾದರೂ ಬೇಕು, ನೀರಿನ ಬಾಣಲೆಯ ಸ್ಮೋಕರ್ ಅಲ್ಲಿಗೆ ಏರಲು ಒಪ್ಪುವುದಿಲ್ಲ. ಕೆಟಲ್ಲಿನಲ್ಲಾದರೆ ಕೆಂಡವನ್ನು ಒಂದು ಬದಿಗೆ ಗುಡ್ಡೆ ಹಾಕಿ, ಕೋಳಿಯನ್ನು ಇನ್ನೊಂದು ಬದಿಗಿಟ್ಟು, ಮರದ ಒಂದೇ ತುಂಡಿನ ಹೊಗೆಯಲ್ಲಿ ಒಂದೂಕಾಲು ಗಂಟೆಗೆ 74 ಡಿಗ್ರಿ ಮುಟ್ಟಿಸಿ, ಕೊನೆಗೆ ಕೆಂಡದ ಮೇಲೆ ಎಳೆದು ಚರ್ಮವನ್ನು ಗರಿಗರಿ ಮಾಡಿಕೊಳ್ಳಬಹುದು. ನಮ್ಮವರಲ್ಲಿ ಅನೇಕರು ದನದ ಅಥವಾ ಹಂದಿಯ ಮಾಂಸ ತಿನ್ನದಿರುವುದರಿಂದ ಆಡಿನ ಮಾಂಸದ ಮಾತನ್ನೂ ಇಲ್ಲಿ ಆಡಬೇಕು. ಕೆಂಟಕಿ ರಾಜ್ಯದ ಓವೆನ್ಸ್‌ಬರೊ ಎಂಬ ಊರಿನಲ್ಲಿ ಬಲಿತ ಕುರಿಯ ಮಾಂಸವನ್ನು ಹಿಕರಿಯ ಕೆಂಡದ ಮೇಲೆ ನಿಧಾನವಾಗಿ ಬೇಯಿಸುವ ಹಳೆಯ ಪರಂಪರೆಯೇ ಇದೆ. ಅಮೆರಿಕದ ಹೊಗೆಯಡುಗೆಯೆಂದರೆ ದನ, ಹಂದಿ ಎರಡೇ ಎಂದುಕೊಂಡವರು ಅಲ್ಲಿಗೊಮ್ಮೆ ಹೋಗಿಬರಬೇಕು. ಆಡು ಕುರಿಗಿಂತ ಬಡಕಲು, ನೆಣ ಕಡಿಮೆ, ಹಾಗಾಗಿ ಉದ್ದನೆಯ ಅಡುಗೆಯಲ್ಲಿ ಒಣಗಿ ನಾರಾಗುವ ಅಪಾಯ ಹೆಚ್ಚು.

ಶಿಕಾಗೊದ ಡೆವನ್ ಅವೆನ್ಯೂ ಬೀದಿಯ ಹಲಾಲ್ ಅಂಗಡಿಗಳಲ್ಲಿ ಆಡಿನ ಮಾಂಸ ಕೇಳಿದರೆ ಮಾತು ಮುಗಿಯುವ ಮೊದಲೇ ಸಾರಿನ ತುಂಡುಗಳಾಗಿ ಗರಗಸಕ್ಕೆ ಕೊಟ್ಟುಬಿಡುತ್ತಾರೆ, ಮುಂಗಾಲು ಭುಜದ ಸಮೇತ ಇಡಿಯಾಗಿ ಬೇಕೆಂದು ಎರಡೆರಡು ಸಲ ಹೇಳಬೇಕು. ಅದಕ್ಕೆ ಹಿಂದಿನ ರಾತ್ರಿಯೇ ಉಪ್ಪು ಹಚ್ಚಿಟ್ಟು, ಬೆಳಿಗ್ಗೆ ಹುರಿದು ಪುಡಿ ಮಾಡಿದ ಕೊತ್ತಂಬರಿ ಬೀಜ, ಕಾಳುಮೆಣಸು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿಗಳನ್ನು ಎಣ್ಣೆಯಲ್ಲಿ ಕಲಸಿ ಮೆತ್ತಿ, ದೊಡ್ಡ ಕೆಟಲ್ಲಿನಲ್ಲಿ 120 ಡಿಗ್ರಿಯ ಹತ್ತಿರ ಮೂರು ಗಂಟೆ ಹೊಗೆ ಕೊಡುತ್ತೇನೆ. ಬಣ್ಣ ಬಂದ ಮೇಲೆ ಒಂದು ಲೋಟ ಸಾರುನೀರಿನೊಂದಿಗೆ ಆಳವಾದ ತಟ್ಟೆಗೆ ಹಾಕಿ ಫಾಯಿಲ್ ಬಿಗಿದು ಮೂಳೆ ಬಿಡುವವರೆಗೆ ಮತ್ತೆ ಮೂರು ಗಂಟೆ ಇಡುತ್ತೇನೆ. ಇದಕ್ಕೆ ಹಿಕರಿ ಜೋರಾಗುತ್ತದೆ, ಚೆರ್ರಿಯೋ ಸೇಬೋ ಸಾಕು. ತಟ್ಟೆಯಲ್ಲಿ ಇಳಿದ ರಸವನ್ನು ಬಿಸಾಡದೆ ಮುದ್ದೆಗೆ ಬಡಿಸಿದರೆ ಬೇರೆ ಸಾರು ಬೇಡ. ಹಂದಿಯ ಭುಜಕ್ಕಾದರೆ, ಉತ್ತರ ಕ್ಯಾರೊಲೈನಾದ ಪೂರ್ವಭಾಗದವರು ಬಿಡಿಸಿದ ಮಾಂಸಕ್ಕೆ ವಿನೆಗರ್ ಮತ್ತು ಮೆಣಸಿನ ತೆಳುವಾದ ಹುಳಿಯನ್ನು ಚಿಮುಕಿಸುತ್ತಾರೆ. ಆ ವಿನೆಗರಿನ ಜಾಗದಲ್ಲಿ ಕೊಡಗಿನ ಕಾಚಂಪುಳಿಯನ್ನು ನೀರಿನಲ್ಲಿ ಸಡಿಲಿಸಿ ಹಾಕಿ ನೋಡಿ. ಹೊಗೆ ಹತ್ತಿದ ನೆಣಕ್ಕೆ ಅದರಷ್ಟು ಹೊಂದುವ ಹುಳಿ ನನಗೆ ಇನ್ನೊಂದು ಸಿಕ್ಕಿಲ್ಲ.

ಮರದ ಗುಳಿಗೆಗಳನ್ನು ವಿದ್ಯುತ್ತಿನಿಂದ ತಾನೇ ಉಣಿಸಿಕೊಳ್ಳುವ ಪೆಲೆಟ್ ಗ್ರಿಲ್ಲುಗಳೂ ದಪ್ಪಗೋಡೆಯ ಪಿಂಗಾಣಿ ಕಮಾಡೊ ಒಲೆಗಳೂ ಇವೆ. ಮೊದಲನೆಯದರಲ್ಲಿ ನಿದ್ದೆ ಪೂರ್ತಿ ಸಿಗುತ್ತದೆ, ಹೊಗೆಯ ರುಚಿ ನನ್ನ ನಾಲಿಗೆಗೆ ಸಪ್ಪೆ. ಎರಡನೆಯದು ಚಳಿಗೆ ಜಗ್ಗುವುದಿಲ್ಲ, ಆದರೆ ಅದರ ಬೆಲೆಗೆ ಕೆಟಲ್ ಮತ್ತು ಸ್ಮೋಕರ್ ಎರಡನ್ನೂ ಕೊಂಡು ಇದ್ದಿಲಿಗೂ ಹಣ ಉಳಿಸಬಹುದು.

ಆದ್ದರಿಂದ ಒಂದನ್ನೇ ಕೊಳ್ಳುವುದಾದರೆ 26 ಇಂಚಿನ ಕೆಟಲ್ ಕೊಳ್ಳಿ, ಅದರ ಜೊತೆಗೆ ಎರಡು ಕಡ್ಡಿಗಳಿರುವ ತಾಪಮಾಪಕವೊಂದನ್ನು ತಪ್ಪದೆ ಕೊಳ್ಳಿ. ಮುಚ್ಚಳಕ್ಕೆ ಅಂಟಿಸಿ ಬರುವ ಮುಳ್ಳಿನ ಮಾಪಕ ತೋರಿಸುವುದು ಗುಮ್ಮಟದ ಕೆಳಗಿನ ತಾಪವನ್ನು, ಜಾಲರಿಯ ಮಟ್ಟದಲ್ಲಿ ಅದು 20 ಡಿಗ್ರಿ ಆಚೀಚೆ ಇರಬಹುದು. 18 ಇಂಚಿನ ಸ್ಮೋಕರಿನ ಬೆಲೆ ಹೆಚ್ಚುಕಡಿಮೆ ದೊಡ್ಡ ಕೆಟಲ್ಲಿನಷ್ಟೇ ಆದ್ದರಿಂದ, ಹಣ ಉಳಿಯುತ್ತದೆಂದು ಅದನ್ನು ಮೊದಲು ತರುವುದರಲ್ಲಿ ಲಾಭವಿಲ್ಲ. ಮನೆಗೆ ಬರುವವರ ಸಂಖ್ಯೆ ಇಪ್ಪತ್ತು ದಾಟತೊಡಗಿದಾಗ, ಇಲ್ಲವೇ ರಾತ್ರಿಯಿಡೀ ಬೇಯುವ ಭುಜವೇ ವಾಡಿಕೆಯಾದಾಗ, ಅದನ್ನು ಎರಡನೆಯದಾಗಿ ತನ್ನಿ. ಜುಲೈ ನಾಲ್ಕರ ರಜೆಗೆ ನೆಂಟರಿಷ್ಟರು ಸೇರುವಾಗ ನಮ್ಮಲ್ಲಿ ಹಿಂದಿನ ರಾತ್ರಿಯೇ ಸ್ಮೋಕರಿನ ಎರಡು ಜಾಲರಿಗಳಿಗೆ ಹಂದಿಯ ಭುಜ ಏರಿರುತ್ತದೆ, ಬೆಳಿಗ್ಗೆ ಹತ್ತಕ್ಕೆ ಕೆಟಲ್ಲಿಗೆ ಆಡಿನ ಮುಂಗಾಲು ಹೋಗುತ್ತದೆ, ಮಧ್ಯಾಹ್ನ ಅದು ಫಾಯಿಲ್ ಹೊದ್ದು ಓವನ್ನಿಗೆ ಹೋದ ಮೇಲೆ ಅದೇ ಕೆಟಲ್ಲಿಗೆ ಹೊಸ ಇದ್ದಿಲು ಸುರಿದು ಮಕ್ಕಳಿಗೆ ಕೋಳಿಯನ್ನೂ, ಮಾಂಸ ತಿನ್ನದವರಿಗೆ ಬೇರೆ ಜಾಲರಿಯ ಮೇಲೆ ಮೆಕ್ಕೆಜೋಳ, ಪನೀರ್, ಬದನೆಕಾಯಿಗಳನ್ನೂ ಸುಡುತ್ತೇನೆ.